ಬೀಗರು ತಂದ ಲಾರಿ

ನಮ್ಮೂರಿನಲ್ಲಿ ಯಾರ ಮನೆಗೇ ಆಗಲಿ ಬರಿಗೈಯಲ್ಲಿ ಹೋಗಬೇಕು, ಬರುವಾಗ ಏನಾದರೂ ಹೊತ್ತುಕೊಂಡು ಬರಬೇಕು. ಮರ್ಯಾದೆ ಅಂದರೆ ಅದು. ಪರವೂರಿನವರು ಗೊತ್ತಿಲ್ಲದೆ ಹಣ್ಣೋ ಸಿಹಿಯೋ ಹಿಡಿದು ಬಂದರೆ ಅವರನ್ನು ಜಗಲಿಯಲ್ಲೇ ಕೂರಿಸಿ, ಎಲ್ಲರೂ ಸೇರಿ ತಿಂದು ಮುಗಿಸಿ, ಆಮೇಲೆ ಒಳಗೆ ಕರೆಯುತ್ತೇವೆ. ಹೊರಡುವಾಗ ಮಾತ್ರ ಯಾರನ್ನೂ ಸುಲಭಕ್ಕೆ ಬಿಡುವುದಿಲ್ಲ. "ಆ ಹಿತ್ತಾಳೆ ಕೊಳಗ ತಗೊಂಡು ಹೋಗಿ." "ಅಯ್ಯೋ ಬೇಡಿ, ಹೋದ ಸಲ ಬಂದಾಗ್ಲೇ ಇಸ್ತ್ರಿಪೆಟ್ಟಿಗೆ ಕೊಟ್ಟಿದ್ರಿ." "ಅದೇ ಬೇರೆ, ಇದೇ ಬೇರೆ. ನಮ್ಮ ಮೇಲೆ ಅಷ್ಟೂ ವಿಶ್ವಾಸ ಇಲ್ವಾ?" ಹೀಗೆ ಬಾಗಿಲಲ್ಲಿ ನಿಂತು ಬಿಸಿಲು ಇಳಿಯುವವರೆಗೂ ಜಗ್ಗಾಡಿ, ಕೊನೆಗೆ ಬಂದವರು ಕೊಳಗವನ್ನು ತಲೆಯ ಮೇಲೆ ಇಟ್ಟುಕೊಂಡು ಹೊರಡುತ್ತಾರೆ. ಮನೆಯವರು ರಸ್ತೆಗಿಳಿದು, ಗೋಡೆ ಎಷ್ಟು ಮೇಲೆ ಬಂತು ಎಂದು ನೋಡಿ, ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಾರೆ.

ಏಕೆಂದರೆ ನಮ್ಮೂರಿನಲ್ಲಿ ಮನೆಗಳು ಮುಳುಗುತ್ತವೆ. ಬಳಸುವ ಸಾಮಾನನ್ನು ಇಲ್ಲಿನ ನೆಲ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸುಮ್ಮನೆ ಕೂತದ್ದೇ ಭಾರ. ನನ್ನ ಹೊಲಿಗೆ ಯಂತ್ರ ಕಬ್ಬಿಣದ್ದು, ಆನೆಯ ಮರಿಯಷ್ಟು ತೂಕ, ಅದರಿಂದ ಮನೆ ಕೂದಲೆಳೆಯಷ್ಟೂ ಇಳಿದದ್ದಿಲ್ಲ. ಅದೇ ಪಕ್ಕದ ಮನೆಯ ಜೈತೂನಬ್ಬಿ, ಹೂವು ಕಟ್ಟಿ ಮಾರುವವಳು, ಯಾರೋ ಚೆಂದದ್ದು ಕೊಟ್ಟರೆಂದು ಒಂದು ಪಿಂಗಾಣಿ ಟೀ ಸೆಟ್ಟನ್ನು ಗಾಜಿನ ಕಪಾಟಿನಲ್ಲಿಟ್ಟಳು ನೋಡಿ. ರಂಜಾನಿನಲ್ಲಿ ಇಟ್ಟದ್ದು, ಬಕ್ರೀದಿನ ಹೊತ್ತಿಗೆ ಅವಳ ಹೊಸ್ತಿಲು ರಸ್ತೆಯ ಸಮಕ್ಕೆ ಬಂದು ಚರಂಡಿಯ ನೀರು ಒಳಗೆ ಇಣುಕುತ್ತಿತ್ತು. ಈಗ ಅವಳು ಗ್ಯಾಸ್ ಸಿಲಿಂಡರ್ ತರುವವನಿಗೂ ಅದೇ ಬಂಗಾರದ ಅಂಚಿನ ಕಪ್ಪಿನಲ್ಲಿ ಟೀ ಕೊಡುತ್ತಾಳೆ.

ಎದುರು ಮನೆಯ ಹೊನ್ನಪ್ಪನವರ ಕತೆ ಇನ್ನೂ ಒಂದು ಕೈ ಮೇಲು, ಅಥವಾ ಕೆಳಗೆ ಅನ್ನಬೇಕು. ಅವರಿಗೆ ಕೊಳ್ಳುವ ಚಟ. ಪೇಟೆಗೆ ಸೊಪ್ಪು ತರಲು ಹೋದವರು ಟಾರ್ಚು ತರುತ್ತಾರೆ, ಟಾರ್ಚು ಇಡಲು ಪೆಟ್ಟಿಗೆ ತರುತ್ತಾರೆ. ಅವರ ಮಹಡಿ ಮನೆಯ ಕೆಳಗಿನ ಅಂತಸ್ತು ಎಂದೋ ನೆಲದೊಳಗೆ ಹೋಯಿತು. ಅಲ್ಲಿ ಏನೇನಿದೆ ಎಂದು ಅವರಿಗೂ ಮರೆತಿದೆ. ಮಹಡಿಯ ಕಿಟಕಿಯೇ ಈಗ ಬಾಗಿಲು. ನಮ್ಮೂರಲ್ಲಿ ಯಾರೂ ಕಿಟಕಿಗೆ ಸರಳು ಹಾಕಿಸುವುದಿಲ್ಲ, ಅದು ಯಾವಾಗ ಬಾಗಿಲಾಗಬೇಕಾಗುತ್ತದೋ ಹೇಳಲಾಗದು. ಇಲ್ಲಿ ಏನು ಕೊಂಡರೂ ಮುಚ್ಚಿಡಲಾಗುವುದಿಲ್ಲ ಅನ್ನುವುದೇ ದೊಡ್ಡ ಕಷ್ಟ. "ಏನ್ರೀ, ನಿನ್ನೆ ನಿಮ್ಮ ಕಿಟಕಿ ನನ್ನ ಭುಜಕ್ಕಿತ್ತು, ಇವತ್ತು ಸೊಂಟಕ್ಕಿದೆ, ಏನ್ ತಗೊಂಡ್ರಿ?" ಎಂದು ಹಾಲಿನವನೂ ಕೇಳುತ್ತಾನೆ. ವರದಕ್ಷಿಣೆ ನಮ್ಮೂರಲ್ಲಿ ನಿಂತದ್ದು ಕಾನೂನಿಗೆ ಹೆದರಿ ಅಲ್ಲ. ಇಸಿದುಕೊಂಡ ಗಂಡಿನ ಮನೆಗಳೆಲ್ಲ ಹೆಂಚಿನವರೆಗೆ ಇಳಿದುಹೋದವು, ಅಷ್ಟೆ.

ನಾನು ಗಂಗಾಂಬಿಕೆ. ಬೀದಿಯ ಮಕ್ಕಳಿಗೆಲ್ಲ ಗಂಗತ್ತೆ. ಹೊಲಿಗೆಯನ್ನು ನನಗೆ ಯಾರೂ ಕಲಿಸಲಿಲ್ಲ, ಹಳೆಯ ದಿನಪತ್ರಿಕೆಯನ್ನು ಕತ್ತರಿಸಿ ಕತ್ತರಿಸಿ ನಾನೇ ಕಲಿತೆ. ಹೊಸ ಬಟ್ಟೆ ಹೊಲಿಸುವವರು ಇಲ್ಲಿ ಕಡಿಮೆ, ಇರುವುದನ್ನು ಬಿಚ್ಚಿ ಇನ್ನೊಂದು ಮಾಡುವುದೇ ನನ್ನ ಕೆಲಸ. ಹೊನ್ನಪ್ಪನವರ ಮದುವೆಯ ಕೋಟು ನನ್ನ ಕೈಯಲ್ಲೇ ಅವರ ಮಗನ ಚಡ್ಡಿಯಾಗಿ, ಜೈತೂನಬ್ಬಿಯ ಚೀಲವಾಗಿ, ಈಗ ನಮ್ಮ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿದೆ. ನನ್ನ ಅಣ್ಣ ನಂಜುಂಡಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಅತ್ತಿಗೆ ಹೋದ ಮೇಲೆ ಅವನ ಮಗಳು ಚಂದ್ರಕಲಾಳನ್ನು ಬೆಳೆಸಿದವಳು ನಾನೇ. ಚಂದ್ರಿ ಈಗ ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಮೇಡಮ್ಮು.

ಚಂದ್ರಿಗೆ ನಿರಂಜನ ಸಿಕ್ಕಿದ್ದು ಒಂದು ಬಟ್ಟೆ ಒಗೆಯುವ ಯಂತ್ರದ ದೆಸೆಯಿಂದ. ಹೊನ್ನಪ್ಪನವರು ನದಿಯಾಚೆಯ ಪೇಟೆಯ ದೊಡ್ಡ ಅಂಗಡಿಯಲ್ಲಿ ಅದನ್ನು ಕೊಂಡಿದ್ದರು. ಅಂಗಡಿಯವರ ಮಗ ನಿರಂಜನನೇ ವ್ಯಾನಿನಲ್ಲಿ ತಂದು, ಬಾಗಿಲು ಎಲ್ಲಿ ಎಂದು ಮನೆಯ ಸುತ್ತ ಹುಡುಕುತ್ತಿದ್ದ. ಶಾಲೆ ಮುಗಿಸಿ ಬರುತ್ತಿದ್ದ ಚಂದ್ರಿ, "ರೀ, ಅದನ್ನ ಒಳಗೆ ಬಿಟ್ರೆ ಆ ಯಜಮಾನ್ರು ನಾಳೆ ಹೆಂಚು ಸರಿಸಿಕೊಂಡು ಹೊರಗೆ ಬರಬೇಕಾಗುತ್ತೆ" ಅಂದಳು. ಅವನು ಯಂತ್ರವನ್ನು ರಸ್ತೆಯಲ್ಲೇ ಇಳಿಸಿ, ಅದರ ಮೇಲೆ ಕೂತು, ಅವಳು ಹೇಳಿದ್ದನ್ನೆಲ್ಲ ಕೇಳಿ, ಮತ್ತೆ ವ್ಯಾನಿಗೆ ಹೇರಿಕೊಂಡು ಹೋದ. ಮುಂದಿನ ವಾರ ಬರಿಗೈಯಲ್ಲಿ ಬಂದ. ಏನೂ ತರದೆ ನಮ್ಮ ಬೀದಿಗೆ ಬಂದ ಪರವೂರಿನ ಮೊದಲ ಗಂಡಸು ಅವನು. ಚಂದ್ರಿ ಅಲ್ಲಿಗೇ ಸೋತಳು.

"ಅಪ್ಪ, ಬೇರೆ ಗಂಡು ನೋಡಬೇಡಿ. ಮಾಡ್ಕೊಂಡ್ರೆ ಇವರನ್ನೇ" ಎಂದಳು ಒಂದು ದಿನ ಊಟಕ್ಕೆ ಕೂತಾಗ. "ಆದ್ರೆ ಅವರ ತಂದೆ ಮನಸ್ಸಾರೆ ಹ್ಞೂಂ ಅನ್ನಬೇಕು. ಅವರನ್ನ ಬಿಟ್ಟು ಇವರು ಬರಲ್ಲ, ಹಾಗೆ ಬರೋದು ನನಗೂ ಬೇಡ."

ಸರಿ, ಆ ಹ್ಞೂಂ ತರಲು ಅಣ್ಣನೂ ನಾನೂ ಬಸ್ಸು ಹತ್ತಿ ಹುಡುಗನ ಮನೆಗೆ ಹೋದೆವು. ಆ ಊರಿನ ನೆಲ ಗಟ್ಟಿ. ಇಲ್ಲದಿದ್ದರೆ ಆ ಮನೆ ಅಷ್ಟು ಹೊತ್ತಿಗೆ ಪಾತಾಳದಲ್ಲಿರಬೇಕಿತ್ತು. ಹಜಾರದಲ್ಲಿ ಸೋಫಾ, ಸೋಫಾದ ಎದುರಿಗೆ ಸೋಫಾ, ಎರಡರ ನಡುವೆ ಯಾರೂ ಕಾಲು ಚಾಚದ ಹಾಗೆ ಗಾಜಿನ ಮೇಜು. ಗೋಡೆಯ ಉದ್ದಕ್ಕೂ ಬೀರುಗಳು, ಬೀರುಗಳ ಮೇಲೆ ರಟ್ಟಿನ ಡಬ್ಬಿಗಳು, ಡಬ್ಬಿಗಳ ಮೇಲೆ ಫ್ಯಾನುಗಳು. ಅಣ್ಣ ತುದಿಗಾಲಲ್ಲಿ ನಡೆದು ಬಂದು ನನ್ನ ಕಿವಿಯಲ್ಲಿ, "ಗಂಗಾ, ಬಾಗಿಲ ಹತ್ರಾನೇ ಕೂತ್ಕೋ" ಅಂದ. ಹುಡುಗನ ತಂದೆ ಗುರುಸಿದ್ದಪ್ಪನವರು ಆಜಾನುಬಾಹು, ಗಟ್ಟಿ ಗಂಟಲು, ಒಳ್ಳೆ ಮಾತುಗಾರ. ತಾಯಿ ಪಂಕಜಮ್ಮನವರು ಕಾಫಿ ತಂದುಕೊಟ್ಟು, ಕೂರಲು ಜಾಗ ಹುಡುಕಿ, ಸಿಗದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು.

ಮಾತು ಚೆನ್ನಾಗಿಯೇ ಆಯಿತು. ಕಷ್ಟ ಶುರುವಾದದ್ದು ಹೊರಡುವಾಗ. ನಾವು ಎದ್ದು ನಿಂತೆವು. ಏನಾದರೂ ತಗೊಂಡು ಹೋಗಿ ಎಂದು ಅವರು ಹೇಳಲಿಲ್ಲ. ಮರೆತಿರಬಹುದು ಎಂದು ನಾವು ಮತ್ತೆ ಕೂತೆವು. ಪಂಕಜಮ್ಮ ಇನ್ನೊಂದು ಸಲ ಕಾಫಿ ತಂದರು. ಮತ್ತೆ ಎದ್ದೆವು. "ಆಯ್ತು ಹಾಗಾದ್ರೆ" ಎಂದರು ಗುರುಸಿದ್ದಪ್ಪ. ಅಣ್ಣ ಕೆಮ್ಮಿ ಮತ್ತೆ ಕೂತ. ಈ ಸಲ ಉಪ್ಪಿಟ್ಟು ಬಂತು. ಅಷ್ಟು ಸಾಮಾನು ಇಟ್ಟುಕೊಂಡು, ಬಂದ ನೆಂಟರ ಕೈಗೆ ಒಂದು ಚಮಚವನ್ನೂ ಕೊಡದಿರುವುದು ಹೇಗೆ? ನಮ್ಮ ಸಂಬಂಧ ಇಷ್ಟವಿಲ್ಲದಿದ್ದರೆ ಮಾತ್ರ ನಮ್ಮೂರಲ್ಲಿ ಹಾಗೆ ಬರಿಗೈಯಲ್ಲಿ ಕಳಿಸುತ್ತಾರೆ. ಅಣ್ಣನ ಮುಖ ಸಪ್ಪಗಾಗಿತ್ತು. ನನಗೆ ಬೇರೆ ಅನ್ನಿಸಿತು. ಪಾಪ, ಕೊಡಲು ಸಂಕೋಚವಿರಬೇಕು, ನಾವೇ ಮುಂದಾಗಿ ತೆಗೆದುಕೊಳ್ಳಲಿ ಎಂದು ಕಾಯುತ್ತಿರಬೇಕು. ಹಜಾರದ ಮೂಲೆಯಲ್ಲಿ, ಎಲ್ಲಿಗೂ ಹೋಗದ ಒಂದು ಸೈಕಲ್ಲಿತ್ತು. ಚಕ್ರ ಒಂದೇ, ಅದೂ ನೆಲಕ್ಕೆ ತಾಗುತ್ತಿರಲಿಲ್ಲ. ಅದರ ಹ್ಯಾಂಡಲ್ಲಿನ ಮೇಲೆ ಒದ್ದೆ ಟವೆಲ್ಲು ಒಣಗುತ್ತಿತ್ತು. ನಾನು ಟವೆಲ್ಲನ್ನು ಮಡಿಸಿ ಪಂಕಜಮ್ಮನ ಕೈಗಿಟ್ಟು, "ಅಮ್ಮಾ, ಇದನ್ನ ನಾವು ತಗೊಂಡು ಹೋಗ್ತೀವಿ" ಅಂದೆ.

ಗುರುಸಿದ್ದಪ್ಪನವರ ನಗು ಮುಖದ ಮೇಲೆ ಹಾಗೇ ನಿಂತಿತು. "ಯಾವುದನ್ನ?"

"ಇದನ್ನೇ. ನೀವೇನೂ ಸಂಕೋಚ ಪಟ್ಕೋಬೇಡಿ."

ಅವರು ಹೆಂಡತಿಯ ಮುಖ ನೋಡಿದರು, ಹೆಂಡತಿ ಟವೆಲ್ಲಿನ ಮುಖ ನೋಡಿದರು. "ಹ್ಞಾಂ... ತಗೊಳ್ಳಿ" ಎಂದರು ಕೊನೆಗೆ ಗುರುಸಿದ್ದಪ್ಪ. ಒಂದು ಸಲ ಹೇಳಿದ್ದಕ್ಕೇ ಒಪ್ಪಿದರಲ್ಲ, ಎಂಥ ದೊಡ್ಡ ಮನಸ್ಸು ಎಂದುಕೊಳ್ಳುತ್ತ ನಾವಿಬ್ಬರೂ ಆಚೀಚೆ ಹಿಡಿದು ಅದನ್ನು ಬಸ್ ನಿಲ್ದಾಣಕ್ಕೆ ಹೊತ್ತೆವು. "ಯಜಮಾನ್ರೇ, ಸೈಕಲ್ ತುಳ್ಕೊಂಡೇ ಹೋಗಬಹುದಿತ್ತಲ್ಲ" ಎಂದ ಕಂಡಕ್ಟರ್. "ತುಳಿದ್ರೆ ಇದು ಹೋಗಲ್ಲ ಕಣಪ್ಪ, ಅದಕ್ಕೇ ನಿನ್ನ ಬಸ್ಸು" ಎಂದ ಅಣ್ಣ.

ಸೈಕಲ್ಲು ಬಂದ ಮೇಲೆ ಅದಕ್ಕೊಂದು ಕೆಲಸ ಕೊಡಬೇಕಲ್ಲ. ಹೊನ್ನಪ್ಪನವರಿಗೆ ಮಂಡಿನೋವು, ದಿನಾ ಕಾಲು ಆಡಿಸಿ ಎಂದು ಡಾಕ್ಟರು ಹೇಳಿದ್ದರು. ಅಣ್ಣ ಆ ಚಕ್ರಕ್ಕೊಂದು ದಾರ ಕಟ್ಟಿ ಹೊಲಿಗೆ ಯಂತ್ರದಲ್ಲಿ ದಾರ ಸುತ್ತಿಡುವ ನನ್ನ ಬಾಬಿನ್ನಿಗೆ ಜೋಡಿಸಿದ. ಈಗ ಬೆಳಿಗ್ಗೆ ಹೊನ್ನಪ್ಪನವರು ನಮ್ಮ ಜಗಲಿಯಲ್ಲಿ ಕೂತು ತುಳಿಯುತ್ತಾರೆ, ನನ್ನ ಬಾಬಿನ್ನುಗಳಿಗೆ ದಾರ ಸುತ್ತುತ್ತದೆ, ಅವರ ಮಂಡಿಯೂ ಸುಧಾರಿಸುತ್ತಿದೆ.

ಹೀಗೆ ನಾವು ಸಂಭ್ರಮದಲ್ಲಿದ್ದಾಗ ನಿರಂಜನನ ಫೋನು ಬಂತು. ಮಾತಾಡಿ ಮುಗಿಸಿದ ಚಂದ್ರಿ ನನ್ನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅತ್ತೆ, ಅಲ್ಲಿಂದ ಅದನ್ನ ಯಾಕೆ ತಂದ್ರಿ?"

"ಮರ್ಯಾದೆಗೆ ಕಣೇ. ಬರಿಗೈಯಲ್ಲಿ ಬಂದ್ರೆ ಅವರು ಏನಂದ್ಕೊಳ್ತಾರೆ?"

"ಹುಡುಗಿ ಕಡೆಯವರು ಲಗ್ನಕ್ಕೆ ಮುಂಚೆನೇ ಕೇಳೋಕೆ ಶುರು ಮಾಡಿದ್ರು ಅಂದ್ಕೊಂಡಿದಾರೆ. ಗುರುಸಿದ್ದಪ್ಪನ ಮನೆಲಿ ಇಲ್ಲ ಅನ್ನೋ ಮಾತಿಲ್ಲ, ಸಾಕು ಸಾಕು ಅನ್ನೋವರೆಗೂ ಕೊಡ್ತೀನಿ ಅಂತ ಹಟ ಹಿಡಿದಿದಾರಂತೆ. ಭಾನುವಾರ ಲಾರಿ ತರ್ತಾರಂತೆ."

ನಿರಂಜನ ಹೇಳಿ ನೋಡಿದ್ದನಂತೆ, ಅವರ ಊರಲ್ಲಿ ಮನೆ ಮುಳುಗುತ್ತೆ ಅಪ್ಪ ಎಂದು. "ಸಾಲ ಮಾಡಿದ ಮನೆ ಮುಳುಗೋದು ನೋಡಿದೀನಿ, ಸೋಫಾ ಇಟ್ಟ ಮನೆ ಮುಳುಗೋದು ನೋಡಿಲ್ಲ" ಎಂದು ತಂದೆ ಅವನ ಬಾಯಿ ಮುಚ್ಚಿಸಿದರಂತೆ.

ಭಾನುವಾರ ಲಾರಿ ಬಂತು. ಬೀದಿಯ ಜನ ಕಿಟಕಿಗಳಿಂದ ಹೊರಗೆ ಬಂದು ನಿಂತರು. ಮುಂದೆ ಗುರುಸಿದ್ದಪ್ಪ, ಪಕ್ಕದಲ್ಲಿ ಪಂಕಜಮ್ಮ, ಹಿಂದೆ ಸಾಮಾನಿನ ನಡುವೆ ನಿರಂಜನ, ಅಂಗಡಿಯ ಆಳುಗಳು. ಅಣ್ಣ ಎರಡೂ ಕೈ ಅಡ್ಡ ಚಾಚಿ ಬಾಗಿಲಲ್ಲಿ ನಿಂತ. "ಸ್ವಾಮಿ, ಒಳಗೆ ಜಾಗ ಇಲ್ಲ, ದಯವಿಟ್ಟು ಬೇಡ."

ಅವರೂರಿನಲ್ಲಿ ಬೇಡ ಅನ್ನುವುದು ಬೇಕು ಅನ್ನುವುದಕ್ಕೆ ಮೊದಲ ಮೆಟ್ಟಿಲಂತೆ. ಗುರುಸಿದ್ದಪ್ಪ ನಕ್ಕು ಅವನ ಬೆನ್ನು ತಟ್ಟಿ, ಆಳುಗಳಿಗೆ ಕಣ್ಸನ್ನೆ ಮಾಡಿದರು. ಮಂಚ ಬಂತು, ಅದರ ಹಿಂದೆಯೇ ಪಂಕಜಮ್ಮನೂ ಒಳಗೆ ಬಂದರು. "ನಿಜವಾಗ್ಲೂ ಬೇಡ" ಅಂದೆ ನಾನು. ಸೋಫಾ ಬಂತು. "ನಿಮ್ಮ ಕಾಲಿಗೆ ಬೀಳ್ತೀನಿ" ಎಂದ ಅಣ್ಣ. "ಛೇ ಛೇ, ಬೀಗರಾಗೋರು ನೀವು" ಎಂದು ಅವರು ಊಟದ ಸೆಟ್ಟಿನ ಪೆಟ್ಟಿಗೆಗಳನ್ನೂ ಇಳಿಸಿದರು. ಆಮೇಲೆ ಫ್ರಿಜ್ಜು. ಅದನ್ನು ಆಳುಗಳು ಹಿಂದಿನಿಂದ ನೂಕುತ್ತಿದ್ದರು, ನಿರಂಜನ ಎದುರಿನಿಂದ ತಡೆದು ಹಿಂದಕ್ಕೆ ತಳ್ಳುತ್ತಿದ್ದ. ತಂದೆ ಬಂದು ಮಗನನ್ನು ಪಕ್ಕಕ್ಕೆ ಸರಿಸಿ ತಾವೇ ಭುಜ ಕೊಟ್ಟರು. ಫ್ರಿಜ್ಜು ಹೊಸ್ತಿಲು ದಾಟಿತು.

ಪಾಕಕ್ಕೆ ಬಿಟ್ಟ ಜಾಮೂನು ಮುಳುಗುವ ಹಾಗೆ, ಸದ್ದಿಲ್ಲದೆ, ಅವಸರವಿಲ್ಲದೆ ನಮ್ಮ ಮನೆ ಇಳಿಯತೊಡಗಿತು. ಮೊದಲು ಬಾಗಿಲಲ್ಲಿ ನಿಂತಿದ್ದ ಜನರ ಚಪ್ಪಲಿಗಳು ನಮ್ಮ ಮುಖದ ಎದುರಿಗೆ ಬಂದವು, ಆಮೇಲೆ ಅವು ಮೇಲಕ್ಕೆ ಹೋದವು. ಕೊನೆಗೆ ಬಾಗಿಲಿನ ನೆತ್ತಿಯಲ್ಲಿ ಬೆಳಕಿನ ಒಂದು ಪಟ್ಟಿ ಮಾತ್ರ ಉಳಿಯಿತು. ಬೀರು ಹಿಡಿದುಕೊಂಡು ಬರುತ್ತಿದ್ದ ಆಳುಗಳು ರಸ್ತೆಯಲ್ಲೇ ಅದನ್ನು ಬಿಟ್ಟು ಲಾರಿಯ ಹಿಂದೆ ಅಡಗಿದರು.

"ಏನ್ರೀ ಇದು?" ಎಂದರು ಗುರುಸಿದ್ದಪ್ಪ, ಗೋಡೆ ಹಿಡಿದುಕೊಂಡು.

"ಅಪ್ಪ, ಇದೇ ನಾನು ಹೇಳಿದ್ದು" ಎಂದ ನಿರಂಜನ.

"ಹೆದರಬೇಡಿ ಸ್ವಾಮಿ, ಕೆಳಗೆ ಗಟ್ಟಿ ನೆಲ ಸಿಕ್ಕಿದ್ರೆ ತಾನೇ ನಿಲ್ಲುತ್ತೆ" ಎಂದ ಅಣ್ಣ. ಅವನ ಕಂಡಕ್ಟರ್ ಗಂಟಲಿಗೆ ಆಗ ಜೀವ ಬಂದಿತ್ತು. "ಎಲ್ಲಾ ಒಳಗೆ ಸರೀರಿ, ಸರೀರಿ, ಬಾಗಿಲ ಹತ್ರ ನಿಲ್ಬೇಡಿ."

ಗುರುಸಿದ್ದಪ್ಪನವರಿಗೆ ಹೆದರಿಕೆ ಇಳಿದ ಮೇಲೆ ಸಿಟ್ಟು ಏರಿತು. ಕೊಟ್ಟ ಕೈಗೆ ಹೀಗೆ ಮಾಡಿದಿರಾ, ನಮ್ಮನ್ನು ಕರೆಸಿ ಮಣ್ಣಲ್ಲಿ ಹೂತಿರಾ, ಮೊದಲು ಸೈಕಲ್ಲು ಕೇಳಿದವರು ನೀವೇ ಅಲ್ಲವಾ ಎಂದು ಕೂಗಾಡಿದರು. ಮರ್ಯಾದೆ ಎಂದರೆ ನಮ್ಮಲ್ಲಿ ಏನು ಎಂದು ನಾನು ಹೇಳಲು ಹೋದೆ, ಅದೂ ಅವರ ಕಿವಿಗೆ ಬೀಳಲಿಲ್ಲ. "ಈ ಬಾಗಿಲು ತೆಗೀತಿದ್ದ ಹಾಗೆ ನಾವು ಹೊರಟ್ವಿ. ಈ ಸಂಬಂಧ ಇಲ್ಲಿಗೆ ಮುಗೀತು. ನನ್ನ ಸಾಮಾನು ಬೇಡ ಅನ್ನೋರಿಗೆ ನನ್ನ ಮಗ ಮಾತ್ರ ಯಾಕೆ ಬೇಕು?"

ಚಂದ್ರಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದಳು: "ಯಾಕಂದ್ರೆ ಸಾರ್, ನಿಮ್ಮ ಮಗ ಸುಮ್ನೆ ಮೂಲೆಲಿ ಕೂರೋ ಸಾಮಾನಲ್ಲ. ನೀರು ಸೇದಿಸ್ತೀನಿ, ಹಿಟ್ಟು ಕಲಸಿಸ್ತೀನಿ, ಮಕ್ಕಳ ಕಾಪಿ ತಿದ್ದಿಸ್ತೀನಿ. ಅವರಿಂದ ಈ ಮನೆ ಯಾವತ್ತೂ ಮುಳುಗಲ್ಲ."

ಆ ಕತ್ತಲೆಯ ನಡುಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೋಡಿದರೆ ಪಂಕಜಮ್ಮ. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗದೆ, ಹೊಸ ಸೋಫಾದ ಪಕ್ಕದಲ್ಲಿ ನೆಲಕ್ಕೇ ಕೂತುಬಿಟ್ಟರು. ಗಂಡ ಕಣ್ಣು ಬಿಟ್ಟರು. "ನಿನಗೆ ನಗು ಬರುತ್ತಾ?"

"ಬರುತ್ತೆ. ಏನ್ರೀ, ಆ ಸೈಕಲ್ ಇತ್ತಲ್ಲ, ಅದರ ಹಿಂದೆ ಒಂದು ಕಿಟಕಿ ಇದೆ ಅಂತ ನಿಮಗೆ ಗೊತ್ತಿತ್ತಾ?"

"ಯಾವ ಕಿಟಕಿ?"

"ನಮ್ಮನೇದೇ. ಇವರು ಸೈಕಲ್ ತಗೊಂಡು ಹೋದ ಮೇಲೆ ಕಂಡಿದ್ದು. ತೆಗೆದ್ರೆ ಒಳ್ಳೆ ಗಾಳಿ ಬರುತ್ತೆ, ಪಕ್ಕದ ಮನೆ ಬೇವಿನಮರ ಕಾಣುತ್ತೆ. ಈ ವಾರ ಪೂರ್ತಿ ನಾನು ಅಲ್ಲೇ ನೆಲದ ಮೇಲೆ ಕೂತು ಊಟ ಮಾಡಿದೀನಿ. ನಮ್ಮನೇಲಿ ನನಗೆ ಅಂತ ಅಷ್ಟೇ ಜಾಗ ಇರೋದು." ಆಮೇಲೆ ನನ್ನ ಕಡೆ ತಿರುಗಿ, "ನೀವು ಇನ್ನೂ ಒಂದೆರಡು ಸಲ ಬರಬೇಕಿತ್ತು ಗಂಗಮ್ಮಾ" ಅಂದರು.

ಗುರುಸಿದ್ದಪ್ಪ ಸೋಫಾದ ತುದಿಯಲ್ಲಿ ಕೂತರು. ಯಾರಿಗೂ ಅಲ್ಲ ಅನ್ನುವ ಹಾಗೆ ಮಾತಾಡಿದರು. "ಅಂಗಡಿಲಿ ಮಾರದೆ ಉಳಿದುಬಿಡ್ತಾವೆ ಕೆಲವು. ಹೊಸ ಮಾಡೆಲ್ ಬರುತ್ತೆ, ಇವು ಹಿಂದಕ್ಕೆ ಹೋಗ್ತಾವೆ. ಬಂದೋರು ಕೈಯಾಡಿಸಿ, ಬೇಡ ಅಂತ ಹೋಗ್ತಾರೆ. ಅಂಗಡಿ ಬಾಗಿಲು ಹಾಕುವಾಗ ಅವನ್ನ ನೋಡಿದ್ರೆ ನನಗೆ ಸಂಕಟ ಆಗುತ್ತೆ. ಅದಕ್ಕೇ ಮನೆಗೆ ತರ್ತೀನಿ. ಯಾರಿಗೂ ಬೇಡ ಆಗಿದ್ದು ನಮಗಾದ್ರೂ ಇರಲಿ ಅಂತ."

ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಮಾತಿಗೆ ಇಳಿದುಹೋಯಿತು. ನಾಯಿಮರಿ ಎತ್ತಿಕೊಂಡು ಬರುವವರನ್ನು ಕಂಡಿದ್ದೆ, ಫ್ಯಾನು ಎತ್ತಿಕೊಂಡು ಬರುವವರನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ಮೇಲಿಂದ ಜೈತೂನಬ್ಬಿಯ ದನಿ ಬಂತು. ನಮ್ಮ ಅಡುಗೆಮನೆಯಲ್ಲಿ ಸೂರಿನ ಹತ್ತಿರವಿದ್ದ ಅಗಲದ ಕಿಟಕಿ ಈಗ ರಸ್ತೆಯ ಮಟ್ಟದಲ್ಲಿತ್ತು, ಅವಳು ಅಲ್ಲಿ ಕುಕ್ಕರುಗಾಲಲ್ಲಿ ಕೂತು ಒಳಗೆ ಇಣುಕುತ್ತಿದ್ದಳು. "ಗಂಗಕ್ಕಾ, ನೆಂಟರು ಬಂದವ್ರೆ ಅಂತ ಕೇಳ್ದೆ. ಎಲ್ಲಾ ಚೆನ್ನಾಗವ್ರಾ?"

"ಚೆನ್ನಾಗಿದಾರೆ. ಸ್ವಲ್ಪ ಕೆಳಗಿದಾರೆ. ಏನಾದ್ರೂ ತಗೊಂಡು ಹೋಗೇ ಮಾರಾಯ್ತಿ."

"ಅಯ್ಯೋ ಬ್ಯಾಡ ಅಕ್ಕಾ, ನಮ್ದುಕ್ಕೇ ಜಾಗ ಇಲ್ಲ" ಎಂದು ಅವಳು ಶುರು ಮಾಡಿದಳು. ಬೇರೆ ದಿನವಾಗಿದ್ದರೆ ನಾನೂ ಸಾವಕಾಶವಾಗಿ ಜಗ್ಗಾಡುತ್ತಿದ್ದೆ. ಅವತ್ತು ಕೈಮುಗಿದೆ. ಅವಳಿಗೆ ಅರ್ಥವಾಯಿತು. ಬೀದಿಗೆಲ್ಲ ಕೂಗು ಹಾಕಿದಳು. ಜನ ಬಂದರು, ಕಿಟಕಿಯ ಆಚೆ ಸಾಲು ನಿಂತಿತು. ಅಣ್ಣ ಒಳಗಿನಿಂದ ಎತ್ತಿಕೊಡುತ್ತಿದ್ದ, ನಿರಂಜನ ಸೋಫಾದ ಕಾಲು ಬಿಚ್ಚುತ್ತಿದ್ದ. ಸೋಫಾ ಓರೆಯಾಗಿ ಹೊರಗೆ ಹೋಯಿತು, ಆಸ್ಪತ್ರೆಯ ಹೊರಗೆ ಕಾಯುವ ಬಾಣಂತಿಯರು ಕೂರಲಿ ಎಂದು. ಮಂಚದ ಹಲಗೆಗಳು ಹೋದವು, ಶಾಲೆಯಲ್ಲಿ ಮಕ್ಕಳಿಗೆ ಬೆಂಚಾಗಲು. ಊಟದ ಸೆಟ್ಟುಗಳನ್ನು ಬಿಡಿಬಿಡಿಯಾಗಿ ಹಂಚಿದೆವು, ಒಂದು ಮನೆಗೆ ಒಂದೇ ತಟ್ಟೆ. ತೆಗೆದುಕೊಳ್ಳುವವರೆಲ್ಲ ಮುಖ ಸಣ್ಣದು ಮಾಡಿಕೊಂಡು, ನಿಮಗೋಸ್ಕರ ತಗೋತಿದೀವಿ ನೋಡಿ ಎಂದು ಹೇಳಿ ಹೇಳಿ ತೆಗೆದುಕೊಂಡರು. "ಪುಕ್ಕಟೆ ಕೊಟ್ರೂ ಹೀಗೆ ಅಳ್ತಾರಲ್ರೀ" ಎಂದರು ಗುರುಸಿದ್ದಪ್ಪ, ಅಂಗಡಿಕಾರನಿಗೆ ಆಗಬಹುದಾದ ಎಲ್ಲ ನೋವಿನಿಂದ.

ಮನೆ ಒಂದಷ್ಟು ಮೇಲೆ ಬಂತು, ಬಾಗಿಲು ಮಾತ್ರ ಬಿಡಲಿಲ್ಲ. ಫ್ರಿಜ್ಜು ಉಳಿದಿತ್ತು. ಅದು ಕಿಟಕಿಯಲ್ಲಿ ಹಿಡಿಸುವ ಮಾತಿರಲಿಲ್ಲ. ಎಲ್ಲರೂ ಅದರ ಸುತ್ತ ನಿಂತು, ಹೆಣದ ಮುಂದೆ ನಿಂತ ಹಾಗೆ ನೋಡಿದೆವು.

"ಹೊರಗೆ ಹೋಗಲ್ಲ ಅಂದ್ರೆ ಬಳಸಬೇಕು" ಎಂದಳು ಚಂದ್ರಿ.

"ಮೂರು ಜನ ಏನ್ ಬಳಸ್ತೀವೇ? ನಾವು ಮಜ್ಜಿಗೆನೂ ಉಳಿಸೋರಲ್ಲ" ಅಂದೆ.

ಅವಳು ಕಿಟಕಿಗೆ ಹೋಗಿ ಕೂಗಿದಳು, "ಯಾರಿಗೆ ಏನ್ ಕೆಡುತ್ತೆ, ತಗೊಂಡು ಬನ್ನಿ." ಮೊದಲು ಜೈತೂನಬ್ಬಿ ತಾನು ಕಟ್ಟಿದ ಮಲ್ಲಿಗೆಯ ಚೆಂಡುಗಳನ್ನು ಇಳಿಸಿದಳು. ಸಂಜೆಯೊಳಗೆ ಮಾರದ ಹೂವನ್ನು ದಿನಾ ಕಸಕ್ಕೆ ಹಾಕುವವಳು ಅವಳು. ಹೊನ್ನಪ್ಪನವರು ತಮ್ಮ ಇನ್ಸುಲಿನ್ ಕಳಿಸಿದರು, ಅದನ್ನು ಇಷ್ಟು ದಿನ ಮಡಕೆಯ ನೀರಲ್ಲಿ ಇಳಿಬಿಟ್ಟಿದ್ದರಂತೆ. ಇಡ್ಲಿ ಮಾರುವವರ ಹಿಟ್ಟು, ಕೂಸಿನ ಔಷಧಿ, ಯಾರದೋ ಹಾಲು, ಯಾರದೋ ಕೊತ್ತಂಬರಿ. ನಾನು ಸಿಕ್ಕ ಕಡೆ ತುರುಕುತ್ತಿದ್ದೆ.

"ಹಾಲು ಬಾಗಿಲಲ್ಲಿ ಇಡಬೇಡಿ" ಎಂದರು ಹಿಂದಿನಿಂದ ಗುರುಸಿದ್ದಪ್ಪ. ನಾನು ಕೇಳಿಸಿಕೊಳ್ಳದವಳಂತೆ ಕೊತ್ತಂಬರಿಯನ್ನು ಮೇಲಿನ ಖಾನೆಗೆ ಹಾಕಿದೆ. "ಅಲ್ಲಲ್ಲ, ಸೊಪ್ಪು ಕೆಳಗೆ, ಆ ಡ್ರಾಯರ್‌ನಲ್ಲಿ. ಇನ್ಸುಲಿನ್ ಮಂಜುಗಡ್ಡೆ ಹತ್ರ ಇಟ್ರೆ ಹಾಳಾಗುತ್ತೆ. ಸರೀರಮ್ಮಾ." ಅವರು ಅಂಗಿಯ ತೋಳು ಮಡಿಸಿ, ನನ್ನನ್ನು ಪಕ್ಕಕ್ಕೆ ದಬ್ಬಿ, ಮೊಣಕಾಲೂರಿ ಕೂತರು. ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ಜೋಡಿಸಿದರು. ಹೂವಿಗೆ ಒಂದು ಖಾನೆ, ಔಷಧಿಗೆ ಒಂದು ಮೂಲೆ, ಹಿಟ್ಟಿಗೆ ಉಬ್ಬಲು ಮೇಲೆ ಜಾಗ. ಕಿಟಕಿಯಿಂದ ಬರುವುದನ್ನು ನಿರಂಜನ ಇಸಿದುಕೊಂಡು ಕೊಡುತ್ತಿದ್ದ, ತಂದೆ ಒಂದೊಂದನ್ನೂ ಇದು ಯಾರದು, ಎಷ್ಟು ದಿನಕ್ಕೆ ಎಂದು ಕೇಳಿ ಇಡುತ್ತಿದ್ದರು. ಆ ಹೊತ್ತಿಗೆ ಮನೆ ಹಿಟ್ಟು ಉಬ್ಬಿದ ಹಾಗೆ ಏಳುತ್ತಿದ್ದುದು ಅವರ ಗಮನಕ್ಕೇ ಬರಲಿಲ್ಲ.

ಬಾಗಿಲು ತೆರೆದಾಗ ಬಿಸಿಲು ನೇರ ಬಂದು ಫ್ರಿಜ್ಜಿನ ಮೇಲೆ ಬಿತ್ತು. ಗುರುಸಿದ್ದಪ್ಪ ಎದ್ದು, ಅದರ ಬಾಗಿಲು ಹಾಕಿ, ಮತ್ತೆ ತೆಗೆದು ನೋಡಿದರು. "ಇಷ್ಟು ತುಂಬಿದ ಫ್ರಿಜ್ಜನ್ನ ನನ್ನ ಆಯಸ್ಸಲ್ಲೇ ನೋಡಿಲ್ಲ" ಎಂದರು ಮೆಲ್ಲಗೆ. ಮರುಕ್ಷಣ ಅಂಗಡಿಕಾರ ಎಚ್ಚೆತ್ತುಕೊಂಡ. "ಅಲ್ರೀ, ಒಂದು ಬೀದಿಗೆ ಒಂದೇ ಫ್ರಿಜ್ಜು ಅಂದ್ರೆ ನಾನು ಬದುಕೋದು ಹೇಗೆ?"

"ಬೀದಿ ಪೂರ್ತಿ ತೆಗೆದು ಹಾಕಿ ಮಾಡಿದ್ರೆ ಇದರ ಬಾಗಿಲು ಎಷ್ಟು ದಿನ ತಡೆಯುತ್ತೆ ಅಪ್ಪ? ರಬ್ಬರು ಹೋಗುತ್ತೆ, ಹಿಡಿ ಹೋಗುತ್ತೆ" ಎಂದ ನಿರಂಜನ. "ರಿಪೇರಿಗೆ ಜನ ಬೇಕಲ್ಲ. ಮಾರೋದು ಗೊತ್ತಿರೋರು ಬೇಕಾದಷ್ಟು ಇದಾರೆ, ಬಿಚ್ಚಿ ಕಟ್ಟೋದು ಗೊತ್ತಿರೋದು ನಿಮಗೊಬ್ಬರಿಗೇ."

ತಂದೆ ಹೊರಗೆ ನಡೆದರು. ಆಳುಗಳು ರಸ್ತೆಯಲ್ಲಿ ಬಿಟ್ಟಿದ್ದ ಬೀರುವನ್ನು ಲಾರಿಗೆ ಹೇರಿಸಿದರು. ನಾವೆಲ್ಲ ಜಗಲಿಗೆ ಬಂದು ನಿಂತೆವು. ಬಾಗಿಲು ತೆರೆದ ಕೂಡಲೇ ಹೊರಟೆವು ಎಂದು ಅವರು ಆಡಿದ ಮಾತು ಎಲ್ಲರ ತಲೆಯಲ್ಲೂ ಇತ್ತು. ನಿರಂಜನ ಲಾರಿಯ ಹತ್ತಿರವೂ ಹೋಗದೆ, ಚಂದ್ರಿಯ ಪಕ್ಕಕ್ಕೂ ಬಾರದೆ, ನಡುರಸ್ತೆಯಲ್ಲಿ ನಿಂತಿದ್ದ. ಪಂಕಜಮ್ಮ ಮಾತ್ರ ನಮ್ಮ ಜಗಲಿಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತು, "ನಾನು ಎರಡು ದಿನ ಇದ್ದು ಬರ್ತೀನಿ. ಇವರಿಗೆ ಅಭ್ಯಂತರ ಇಲ್ಲದಿದ್ರೆ" ಎಂದರು.

"ಮನುಷ್ಯರನ್ನ ಈ ನೆಲ ಲೆಕ್ಕಕ್ಕೆ ಇಟ್ಕೊಳ್ಳಲ್ಲ, ಇರಿ ತಾಯಿ" ಎಂದ ಅಣ್ಣ.

ಗುರುಸಿದ್ದಪ್ಪ ಲಾರಿಯ ಮುಂದಿನ ಸೀಟು ಹತ್ತಿದರು, ಬಾಗಿಲು ಹಾಕಿಕೊಂಡರು. ಗಾಜು ಇಳಿಸಿದರು. ನನ್ನನ್ನು ಹತ್ತಿರ ಕರೆದರು.

"ಗಂಗಮ್ಮನವರೇ, ಲಗ್ನಕ್ಕೆ ನಮ್ಮ ಕಡೆಯಿಂದ..." ನುಂಗಿಕೊಂಡರು. "ನಮ್ಮ ಕಡೆಯಿಂದ ಏನೂ ತರಲ್ಲ."

ಆ ಮಾತು ಹೇಳುವಾಗ ಅವರ ಮುಖ ಆಸ್ತಿ ಬರೆದುಕೊಟ್ಟವರ ಮುಖದ ಹಾಗಿತ್ತು. ನನಗೆ ಕಣ್ಣು ತುಂಬಿತು. ಹಿಂದೆ ತಿರುಗಿ, ಹ್ಞೂಂ ಸಿಕ್ಕಿತು ಎಂದು ಅಣ್ಣನಿಗೆ ಸನ್ನೆ ಮಾಡಿದೆ, ಅವನು ಜೈತೂನಬ್ಬಿಗೆ, ಅವಳು ಬೀದಿಗೆ. ನಿರಂಜನ ನಡುರಸ್ತೆಯಿಂದ ಓಡಿ ಬಂದ. ಅವನು ತಂದೆಯ ಕೈ ಹಿಡಿಯಲು ಬಂದನೋ ಕಾಲಿಗೆ ಬೀಳಲು ಬಂದನೋ, ಲಾರಿಯ ಎತ್ತರಕ್ಕೆ ಎರಡೂ ಆಗದೆ ಟೈರು ಮುಟ್ಟಿ ನಮಸ್ಕಾರ ಮಾಡಿದ.

ಡ್ರೈವರ್ ಲಾರಿ ಚಾಲೂ ಮಾಡಿದ. ಅದು ಸ್ವಲ್ಪ ಮುಂದೆ ಹೋಗಿ ನಿಂತಿತು. ಗುರುಸಿದ್ದಪ್ಪನವರ ತಲೆ ಹೊರಗೆ ಬಂತು.

"ಒಂದು ಮಿಕ್ಸಿ ಆದ್ರೂ? ಸಣ್ಣದು?"

ಬೀದಿಯೇ ಬಾಯಿ ತೆರೆಯುವಷ್ಟರಲ್ಲಿ ಚಂದ್ರಿ ಜಗಲಿ ಇಳಿದು, ಕೈಮುಗಿದು, "ಹೋಗಿ ಬನ್ನಿ ಮಾವ" ಎಂದಳು.

ತಲೆ ಒಳಗೆ ಹೋಯಿತು. ಮತ್ತೆ ಏನೂ ಕೇಳಲಿಲ್ಲ. ಲಾರಿ ತಿರುವಿನಲ್ಲಿ ಮರೆಯಾಗುವಾಗ ಒಂದು ಕೈ ಮಾತ್ರ ಆಚೆ ಬಂದು, ಎಲ್ಲರ ಕಡೆಗೂ ಆಗುವ ಹಾಗೆ ದೊಡ್ಡದಾಗಿ ಬೀಸಿತು. ಅದರಲ್ಲಿ ಏನೂ ಇರಲಿಲ್ಲ.